ಅಟ್ಟದ ಮೇಲಿನ ಕೊಬ್ಬರಿ, ಆಸ್ಪತ್ರೆಯ ಚೀಟಿ: ಒಂದು ಎಣ್ಣೆಯ ಜಗಳದ ಕಥೆ

ಕಳೆದ ವರ್ಷ ನಮ್ಮ ಅಪ್ಪನಿಗೆ ಎದೆನೋವು ಬಂದು ಸ್ಟೆಂಟ್ ಹಾಕಿಸಬೇಕಾಯಿತು. ಮನೆಗೆ ಕಳಿಸುವ ದಿನ ಆಸ್ಪತ್ರೆಯವರು ಒಂದು ಚೀಟಿ ಕೊಟ್ಟರು. ತಿನ್ನಬಾರದ ಪದಾರ್ಥಗಳ ಪಟ್ಟಿ. ಮೊದಲನೇ ಸಾಲಿನಲ್ಲೇ ತೆಂಗಿನಕಾಯಿ, ಕೊಬ್ಬರಿ, ಕೊಬ್ಬರಿ ಎಣ್ಣೆ. ಅಪ್ಪ ಅದನ್ನು ಎರಡು ಸಲ ಓದಿಸಿಕೊಂಡರು. "ನಲವತ್ತು ವರ್ಷದಿಂದ ನಾನು ಬೆಳೆದು ಜನಕ್ಕೆ ಮಾರಿದ್ದು ಇದನ್ನೇ ಅಲ್ವೇನೋ?" ಅಂದರು.

ಅದೇ ವಾರ ಸಂಬಂಧಿಕರೊಬ್ಬರು ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಂದೇಶ ಕಳಿಸಿದರು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಎರಡು ಚಮಚ ಗಾಣದ ಕೊಬ್ಬರಿ ಎಣ್ಣೆ ಕುಡಿದರೆ ಹೃದಯದ ಬ್ಲಾಕ್ ತಾನಾಗೇ ಕರಗುತ್ತದೆ, ಮಾತ್ರೆ ಕಂಪನಿಗಳು ಇದನ್ನು ಮುಚ್ಚಿಟ್ಟಿವೆ ಅಂತ. ಅಪ್ಪ ಯಾವುದನ್ನು ನಂಬಿದರು ಅಂತ ನೀವೇ ಊಹಿಸಿ. ಮೂರು ವಾರದ ನಂತರ ಮಾತ್ರೆಯ ಶೀಟು ಹಾಗೇ ಉಳಿದಿದ್ದು ಅಮ್ಮನ ಕಣ್ಣಿಗೆ ಬಿತ್ತು. ರಕ್ತ ಪರೀಕ್ಷೆ ಮಾಡಿಸಿದರೆ ಕೆಟ್ಟ ಕೊಲೆಸ್ಟ್ರಾಲ್ ಏರಿತ್ತು. ಮಾತ್ರೆ ಬಿಟ್ಟಿದ್ದಕ್ಕೋ, ಎಣ್ಣೆ ಕುಡಿದಿದ್ದಕ್ಕೋ, ಎರಡಕ್ಕೂ ಸೇರಿಯೋ, ಬಿಡಿಸಿ ಹೇಳುವ ಹಾಗಿರಲಿಲ್ಲ.

ನಾವು ವೈದ್ಯರಲ್ಲ. ಸುದ್ದಿಯೊಂದಕ್ಕೆ ಇಷ್ಟು ಅಂತ ಲೆಕ್ಕ ಹಾಕಿ ಕೊಡುವ ಪತ್ರಿಕೆಗಳಿಗೆ ಬರೆಯುವ ಜಿಲ್ಲಾ ವರದಿಗಾರರು. ಆದರೆ ತಿಪಟೂರು ಸೀಮೆಯವರಾಗಿ ಈ ಪ್ರಶ್ನೆ ನಮ್ಮನ್ನು ಕಾಡಿತು. ಒಂದೇ ಎಣ್ಣೆ ಒಬ್ಬರಿಗೆ ವಿಷ, ಇನ್ನೊಬ್ಬರಿಗೆ ಅಮೃತ ಆಗಿದ್ದು ಯಾವಾಗ? ಯಾರು ಹಾಗೆ ಮಾಡಿದರು? ಹುಡುಕುತ್ತಾ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ನಮ್ಮ ಮನೆಯಿಂದಲೇ ಶುರು ಮಾಡೋಣ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಅರಸೀಕೆರೆ ಕಡೆ ಬೆಳೆಯುವುದು ಉಂಡೆ ಕೊಬ್ಬರಿ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹಾಕಿ ಎಂಟು ತಿಂಗಳಿಂದ ಒಂದು ವರ್ಷ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಕರಟದಿಂದ ಬಿಡುತ್ತದೆ. ಅಲ್ಲಾಡಿಸಿದರೆ ಲೊಟಲೊಟ ಅನ್ನಬೇಕು. ಆಮೇಲೆ ಸುಲಿದು, ಕರಟ ಒಡೆದು, ಉಂಡೆಯನ್ನು ಒಡೆಯದ ಹಾಗೆ ತೆಗೆಯುವುದು. ಆ ಉಂಡೆ ತಿಪಟೂರು ಮಾರುಕಟ್ಟೆಯಲ್ಲಿ ಹರಾಜಾಗಿ ಹೆಚ್ಚಿನಂಶ ಉತ್ತರ ಭಾರತಕ್ಕೆ ಹೋಗುತ್ತದೆ. ಅಲ್ಲಿ ಅದು ಒಣಹಣ್ಣಿನ ಜೊತೆ, ಸಿಹಿತಿಂಡಿಗೆ, ಮದುವೆಗೆ, ಪೂಜೆಗೆ. ಒಡೆದದ್ದು, ಚೂರು, ಕೌಟು ಹಿಡಿದದ್ದು ಗಾಣಕ್ಕೆ.

ಹೊರಗಿನವರಿಗೆ ಆಶ್ಚರ್ಯ ಅನ್ನಿಸುವ ಸಂಗತಿ ಒಂದಿದೆ. ಇಷ್ಟೊಂದು ಕೊಬ್ಬರಿ ಬೆಳೆದರೂ ನಮ್ಮ ಕಡೆ ಕೊಬ್ಬರಿ ಎಣ್ಣೆಯಲ್ಲಿ ಅಡುಗೆ ಮಾಡುವವರು ಕಡಿಮೆ. ನಮ್ಮ ಅಜ್ಜಿ ಒಗ್ಗರಣೆ ಹಾಕುತ್ತಿದ್ದುದು ಕಡಲೆಕಾಯಿ ಎಣ್ಣೆಯಲ್ಲಿ, ಅದಕ್ಕೂ ಹಿಂದೆ ಹುಚ್ಚೆಳ್ಳೆಣ್ಣೆಯಲ್ಲಿ. ಕೊಬ್ಬರಿ ಎಣ್ಣೆ ತಲೆಗೆ, ಮಗುವಿನ ಮೈಗೆ, ಒಡೆದ ಹಿಮ್ಮಡಿಗೆ. ಸಾರಿಗೆ, ಪಲ್ಯಕ್ಕೆ ಕಾಯಿ ಬೇಕೇ ಬೇಕು, ಆದರೆ ಅದು ತುರಿದ ಕಾಯಿ. ಕೊಬ್ಬರಿ ಎಣ್ಣೆಯಲ್ಲೇ ಬದುಕಿದವರು ಘಟ್ಟದ ಕೆಳಗಿನವರು. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದಲ್ಲಿ ಒಗ್ಗರಣೆಯೂ ಅದರಲ್ಲೇ, ಹಲಸಿನ ಹಪ್ಪಳ ಕರಿಯುವುದೂ ಅದರಲ್ಲೇ. ಈ ವ್ಯತ್ಯಾಸ ಮುಂದೆ ಕೆಲಸಕ್ಕೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಜಗಳ ಹುಟ್ಟಿದ್ದು ಮಾತ್ರ ಇಲ್ಲಲ್ಲ, ಸಮುದ್ರದಾಚೆ. ನೂರು ವರ್ಷದ ಹಿಂದೆ ಯುರೋಪ್ ಮತ್ತು ಅಮೆರಿಕಕ್ಕೆ ಕೊಬ್ಬರಿ ಹಡಗುಗಟ್ಟಲೆ ಹೋಗುತ್ತಿತ್ತು. ಸಾಬೂನಿಗೆ ಅದು ಬೇಕು, ಏಕೆಂದರೆ ನೊರೆ ಚೆನ್ನಾಗಿ ಬರುವುದು ಅದರಿಂದ. ಬೆಣ್ಣೆಗೆ ಬದಲಾಗಿ ಬಂದ ಮಾರ್ಗರೀನ್‌ಗೂ ಬೇಕು. ಅಮೆರಿಕಕ್ಕೆ ಹೆಚ್ಚಿನ ಮಾಲು ಹೋಗುತ್ತಿದ್ದುದು ಫಿಲಿಪೀನ್ಸ್‌ನಿಂದ. ಎರಡನೇ ಮಹಾಯುದ್ಧದಲ್ಲಿ ಜಪಾನ್ ಫಿಲಿಪೀನ್ಸನ್ನು ಹಿಡಿದುಕೊಂಡಾಗ ಆ ದಾರಿ ಮುಚ್ಚಿತು. ಅಮೆರಿಕದ ರೈತರು ಸೋಯಾ ಬೆಳೆಯುವುದನ್ನು ಹೆಚ್ಚಿಸಿದರು. ಯುದ್ಧ ಮುಗಿದಾಗ ಅಲ್ಲಿ ಸೋಯಾ ಎಣ್ಣೆಯ ದೊಡ್ಡ ಉದ್ಯಮವೇ ನಿಂತಿತ್ತು.

ಇದೇ ಹೊತ್ತಿಗೆ ಅಮೆರಿಕದಲ್ಲಿ ಹೃದಯಾಘಾತದಿಂದ ನಡುವಯಸ್ಸಿನ ಗಂಡಸರು ಸಾಯುವುದು ಹೆಚ್ಚಾಗಿ ದೊಡ್ಡ ಭಯ ಹುಟ್ಟಿತ್ತು. ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ತಿನ್ನುವ ಕೊಬ್ಬಿಗೂ ರಕ್ತದ ಕೊಲೆಸ್ಟ್ರಾಲ್‌ಗೂ ನಂಟಿದೆ ಎಂದು ವಾದಿಸಿದರು. 1958ರಲ್ಲಿ ಅವರು ಏಳು ದೇಶಗಳ ಅಧ್ಯಯನ ಶುರು ಮಾಡಿದರು. 1961ರಲ್ಲಿ ಅಮೆರಿಕದ ಹೃದಯ ಸಂಘ ಸ್ಯಾಚುರೇಟೆಡ್ ಕೊಬ್ಬನ್ನು ಕಡಿಮೆ ಮಾಡಿ ಎಂದು ಜನರಿಗೆ ಹೇಳಿತು.

ಈ ಸ್ಯಾಚುರೇಟೆಡ್ ಕೊಬ್ಬು ಅಂದರೆ ಏನು? ತಣ್ಣಗಾದರೆ ಗಟ್ಟಿಯಾಗುವ ಜಾತಿಯ ಕೊಬ್ಬು ಅಂತ ಸರಳವಾಗಿ ತಿಳಿದುಕೊಳ್ಳಿ. ತುಪ್ಪ, ಬೆಣ್ಣೆ, ಮಾಂಸದ ನೆಣ ಎಲ್ಲ ಇದೇ ಸಾಲು. ಗಿಡಮರದಿಂದ ಬರುವ ಎಣ್ಣೆಗಳು ಬಹುತೇಕ ಹೀಗಿರುವುದಿಲ್ಲ, ಕೊಬ್ಬರಿ ಎಣ್ಣೆ ಬೇರೆ. ಅದರಲ್ಲಿ ನೂರಕ್ಕೆ ಸುಮಾರು 90 ಪಾಲು ಸ್ಯಾಚುರೇಟೆಡ್. ಬೆಣ್ಣೆಗಿಂತಲೂ ಹೆಚ್ಚು. ಧನುರ್ಮಾಸದ ಬೆಳಿಗ್ಗೆ ಬಾಟಲಿಯೊಳಗೆ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿ, ಅಮ್ಮ ಅದನ್ನು ಬಿಸಿಲಿಗಿಡುತ್ತಾರಲ್ಲ, ಕಾರಣ ಇದೇ. ಸುಮಾರು 24 ಡಿಗ್ರಿಗಿಂತ ಕೆಳಗಿಳಿದರೆ ಅದು ಗಟ್ಟಿ.

ಆದರೂ ಅಲ್ಲಿಯವರೆಗೆ ಕೊಬ್ಬರಿ ಎಣ್ಣೆಯ ಹೆಸರು ಬೀದಿಗೆ ಬಂದಿರಲಿಲ್ಲ. ಬಂದಿದ್ದು 1980ರ ದಶಕದಲ್ಲಿ, ಎರಡು ಕಡೆಯಿಂದ. ಒಂದು ಕಡೆ ಸೋಯಾ ಬೆಳೆಗಾರರ ಸಂಘ. ಬಿಸ್ಕತ್ತು, ತಿಂಡಿಗಳಲ್ಲಿ ಪಾಮ್ ಮತ್ತು ಕೊಬ್ಬರಿ ಎಣ್ಣೆ ಹೊರದೇಶದಿಂದ ಬಂದು ತಮ್ಮ ಮಾರುಕಟ್ಟೆ ತಿನ್ನುತ್ತಿದೆ ಎಂದು ಅವರಿಗೆ ಸಿಟ್ಟು. 'ಉಷ್ಣವಲಯದ ಕೊಬ್ಬು' ಎಂದು ಹೆಸರಿಟ್ಟು ಪ್ರಚಾರ ನಡೆಸಿದರು. ಇನ್ನೊಂದು ಕಡೆ ಒಮಾಹಾ ಊರಿನ ಫಿಲ್ ಸೊಕೊಲಾಫ್ ಎಂಬ ಶ್ರೀಮಂತ ವ್ಯಾಪಾರಿ. ಅವರಿಗೆ 1966ರಲ್ಲಿ, 43ನೇ ವಯಸ್ಸಿಗೇ ಹೃದಯಾಘಾತವಾಗಿತ್ತು. ಬದುಕುಳಿದವರು ಜನರನ್ನು ಎಚ್ಚರಿಸಲು ಸ್ವಂತ ಹಣ ಸುರಿದರು. 1988ರಲ್ಲಿ ದೊಡ್ಡ ದೊಡ್ಡ ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಕೊಟ್ಟು, ಆಹಾರ ಕಂಪನಿಗಳು ಅಮೆರಿಕಕ್ಕೆ ವಿಷ ಉಣಿಸುತ್ತಿವೆ ಎಂದರು. ವಿಷ ಅಂದರೆ ಕೊಬ್ಬರಿ ಎಣ್ಣೆ, ಪಾಮ್ ಎಣ್ಣೆ.

ಸೋಯಾ ಸಂಘಕ್ಕೆ ಲಾಭದ ಲೆಕ್ಕವಿತ್ತು. ಸೊಕೊಲಾಫ್‌ಗೆ ಇರಲಿಲ್ಲ, ಅವರದು ಪ್ರಾಮಾಣಿಕ ಭಯ. ಆದರೆ ಇಬ್ಬರೂ ಸೇರಿ ಮಾಡಿದ ಕೆಲಸದ ಫಲ ಮಾತ್ರ ಯಾರೂ ಎಣಿಸದ ಕಡೆ ತಿರುಗಿತು. ಕಂಪನಿಗಳು ಹೆದರಿ ಕೊಬ್ಬರಿ ಎಣ್ಣೆ ಬಿಟ್ಟವು. ಬಿಸ್ಕತ್ತು ಗರಿಗರಿಯಾಗಿರಲು ಗಟ್ಟಿ ಕೊಬ್ಬು ಬೇಕಲ್ಲ, ಅದಕ್ಕೆ ಸೋಯಾ ಎಣ್ಣೆಗೇ ಹೈಡ್ರೋಜನ್ ಹಾಯಿಸಿ ಗಟ್ಟಿ ಮಾಡಿ ಬಳಸಿದವು. ಹಾಗೆ ಅರ್ಧ ಗಟ್ಟಿ ಮಾಡುವಾಗ ಹುಟ್ಟುವುದೇ ಟ್ರಾನ್ಸ್ ಕೊಬ್ಬು. 1990ರಲ್ಲಿ ನೆದರ್ಲೆಂಡ್ಸ್‌ನ ಮೆನ್ಸಿಂಕ್ ಮತ್ತು ಕಟಾನ್ ಎಂಬ ಇಬ್ಬರು ಸಂಶೋಧಕರು ಟ್ರಾನ್ಸ್ ಕೊಬ್ಬು ಕೆಟ್ಟ ಕೊಲೆಸ್ಟ್ರಾಲನ್ನು ಏರಿಸುವುದಷ್ಟೇ ಅಲ್ಲ, ಒಳ್ಳೆಯದನ್ನು ಇಳಿಸುತ್ತದೆ ಎಂದು ತೋರಿಸಿದರು. ಅಂದರೆ ಬೆಂಕಿಯಿಂದ ಬಾಣಲೆಗಲ್ಲ, ಬಾಣಲೆಯಿಂದ ಬೆಂಕಿಗೆ. ಅಮೆರಿಕ ಅದನ್ನು ಆಹಾರದಿಂದ ತೆಗೆಯಿರಿ ಎಂದು ಆದೇಶ ಹೊರಡಿಸಲು 2015 ಆಯಿತು.

ನಮಗೆ ಇದು ದೂರದ ಕಥೆಯಲ್ಲ. ಡಾಲ್ಡಾ ಗೊತ್ತಲ್ಲ? 1937ರಲ್ಲಿ ನಮ್ಮ ದೇಶದ ಪೇಟೆಗೆ ಬಂದ ವನಸ್ಪತಿ. ತುಪ್ಪ ಕೊಳ್ಳಲಾಗದ ಮನೆಯಲ್ಲಿ ಹಬ್ಬದ ದಿನ ಅದರ ಹಳದಿ ಡಬ್ಬ ತೆರೆಯುತ್ತಿತ್ತು. ಖಾಲಿ ಡಬ್ಬದಲ್ಲಿ ತುಳಸಿ ಗಿಡ. ಬೇಕರಿಯ ಬೆಣ್ಣೆ ಬಿಸ್ಕತ್ತು, ಪಫ್ಸ್, ಜಾತ್ರೆಯ ಮಿಠಾಯಿ, ಎಲ್ಲದರಲ್ಲೂ ವನಸ್ಪತಿ. ಎಣ್ಣೆ ಮತ್ತು ವನಸ್ಪತಿಯಲ್ಲಿ ಟ್ರಾನ್ಸ್ ಕೊಬ್ಬು ನೂರಕ್ಕೆ 2ಕ್ಕಿಂತ ಹೆಚ್ಚಿರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದಿದ್ದು 2022ರ ಜನವರಿಯಲ್ಲಿ. ಅಷ್ಟರಲ್ಲಿ ಎರಡು ಮೂರು ತಲೆಮಾರು ತಿಂದಾಗಿತ್ತು. ಈ ಎಂಬತ್ತು ವರ್ಷದಲ್ಲಿ ಚೀಟಿಯ ಮೊದಲ ಸಾಲಿನಲ್ಲಿ ಕೂತಿದ್ದು ಮಾತ್ರ ತೆಂಗಿನಕಾಯಿ.

ತೊಂಬತ್ತರ ದಶಕದಲ್ಲಿ ಅಮೆರಿಕದ ಭಯ ನಮ್ಮ ವೈದ್ಯರ ಬಾಯಿಗೂ ಬಂತು, ಟಿವಿಯಲ್ಲಿ ಸೂರ್ಯಕಾಂತಿ ಎಣ್ಣೆಯ ಜಾಹೀರಾತೂ ಬಂತು. 1994ರಲ್ಲಿ ಕೇಂದ್ರ ಸರ್ಕಾರ ಪಾಮೋಲಿನ್ ಆಮದಿಗೆ ಬಾಗಿಲು ತೆರೆಯಿತು. ಘಟ್ಟದ ಕೆಳಗಿನ ಮನೆಗಳಲ್ಲೂ ಒಗ್ಗರಣೆ ಸೌಟಿಗೆ ಪ್ಯಾಕೆಟ್ ಎಣ್ಣೆ ಬಂತು. ಕೊಬ್ಬರಿ ಎಣ್ಣೆ ಹೃದಯಕ್ಕೆ ಕೆಟ್ಟದ್ದು ಎಂದು ಬಿಟ್ಟವರಲ್ಲಿ ಎಷ್ಟೋ ಜನ ಹಿಡಿದಿದ್ದು ಅಗ್ಗದ ಪಾಮ್ ಎಣ್ಣೆ. ಅದರಲ್ಲೂ ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬೇ.

ಹಾಗಾದರೆ ಕೊಬ್ಬರಿ ಎಣ್ಣೆಯ ಮೇಲಿನ ಆರೋಪ ಬರೀ ವ್ಯಾಪಾರದ ಪಿತೂರಿಯೇ? ಇಲ್ಲಿ ನಾವು ಜಾಗ್ರತೆಯಾಗಿ ಮಾತಾಡಬೇಕು. ಆರೋಪ ಮಾಡಿದವರಿಗೆ ಲಾಭವಿತ್ತು ಅನ್ನುವುದಕ್ಕೆ ಆರೋಪ ಸುಳ್ಳಾಗುವುದಿಲ್ಲ. ವಾಟ್ಸ್‌ಆ್ಯಪ್ ಸಂದೇಶಗಳು ಎಡವುವುದು ಇಲ್ಲೇ.

ಕೊಬ್ಬರಿಯ ಪರ ವಾದಿಸುವವರು ಯಾವಾಗಲೂ ಹೇಳುವ ಒಂದು ಅಧ್ಯಯನವಿದೆ. ಪೆಸಿಫಿಕ್ ಸಾಗರದ ಪುಕಾಪುಕಾ ಮತ್ತು ಟೊಕೆಲಾವ್ ಎಂಬ ದ್ವೀಪಗಳದ್ದು, 1981ರಲ್ಲಿ ಪ್ರಕಟವಾಯಿತು. ಟೊಕೆಲಾವ್ ಜನ ತಿನ್ನುವ ಊಟದ ಶಕ್ತಿಯಲ್ಲಿ ನೂರಕ್ಕೆ 60ಕ್ಕಿಂತ ಹೆಚ್ಚು ತೆಂಗಿನಿಂದಲೇ ಬರುತ್ತಿತ್ತು. ಪುಕಾಪುಕಾದಲ್ಲಿ ಸುಮಾರು 34. ಎರಡೂ ಕಡೆ ಹೃದಯದ ಕಾಯಿಲೆ ಅಪರೂಪ. ಇಷ್ಟು ಹೇಳಿ ನಿಲ್ಲಿಸುತ್ತಾರೆ. ಉಳಿದಿದ್ದನ್ನು ನಾವು ಹೇಳುತ್ತೇವೆ: ತೆಂಗು ಹೆಚ್ಚು ತಿನ್ನುವ ಟೊಕೆಲಾವ್‌ನವರ ಕೊಲೆಸ್ಟ್ರಾಲ್ ಪುಕಾಪುಕಾದವರಿಗಿಂತ ಹೆಚ್ಚೇ ಇತ್ತು. ಅವರು ಮೀನು ಹಿಡಿದು, ದೋಣಿ ನಡೆಸಿ, ಮರ ಹತ್ತಿ ಬದುಕುವವರು. ತಿನ್ನುತ್ತಿದ್ದುದು ಬಹುಪಾಲು ಕಾಯಿಯನ್ನು, ಬಾಟಲಿ ಎಣ್ಣೆಯನ್ನಲ್ಲ. ಅದೇ ಟೊಕೆಲಾವ್ ಜನ ನ್ಯೂಜಿಲೆಂಡ್‌ಗೆ ವಲಸೆ ಹೋದಾಗ ತೆಂಗು ಕಡಿಮೆಯಾಯಿತು, ಸಕ್ಕರೆ ಹೆಚ್ಚಾಯಿತು, ಹೃದಯಕ್ಕೆ ಅಪಾಯದ ಲಕ್ಷಣಗಳೂ ಹೆಚ್ಚಾದವು. ಈ ಅಧ್ಯಯನ ತೆಂಗನ್ನು ಖುಲಾಸೆ ಮಾಡುವುದೂ ಇಲ್ಲ, ಗಲ್ಲಿಗೇರಿಸುವುದೂ ಇಲ್ಲ.

2000ದ ನಂತರ ಗಾಳಿ ತಿರುಗಿತು. ವಿಷ ಎಂದವರ ದೇಶದಲ್ಲೇ ಕೊಬ್ಬರಿ ಎಣ್ಣೆ ಚಿನ್ನದ ಬೆಲೆಗೆ ಮಾರಾಟವಾಯಿತು. ತೂಕ ಇಳಿಸುತ್ತದೆ, ಮರೆವಿನ ಕಾಯಿಲೆ ವಾಸಿಮಾಡುತ್ತದೆ ಅಂತ ಪುಸ್ತಕಗಳು ಬಂದವು. ತೂಕದ ಮಾತಿನ ಮೂಲ ನೋಡಿದರೆ ನಗು ಬರುತ್ತದೆ. ಬೇಗ ಜೀರ್ಣವಾಗುವ, ಮಧ್ಯಮ ಸರಪಳಿಯ ಕೊಬ್ಬು ಅಂತ ಒಂದಿದೆ. ಬರೀ ಅದನ್ನೇ ಪ್ರಯೋಗಾಲಯದಲ್ಲಿ ತಯಾರಿಸಿ ಜನರಿಗೆ ಕೊಟ್ಟು ನೋಡಿದಾಗ ತುಸು ತೂಕ ಇಳಿಯಿತು. ಮಾಮೂಲಿ ಕೊಬ್ಬರಿ ಎಣ್ಣೆಯಲ್ಲಿ ಆ ಜಾತಿಯದು ನೂರಕ್ಕೆ 15ರ ಆಸುಪಾಸು ಮಾತ್ರ. ಅರ್ಧದಷ್ಟು ಇರುವುದು ಲಾರಿಕ್ ಆಮ್ಲ, ಅದು ದೇಹದೊಳಗೆ ಬಹುಮಟ್ಟಿಗೆ ಬೇರೆ ಕೊಬ್ಬಿನ ದಾರಿಯಲ್ಲೇ ಹೋಗುತ್ತದೆ. ಪ್ರಯೋಗ ಮಾಡಿದ ವಿಜ್ಞಾನಿಯೇ ತಮ್ಮ ಫಲಿತಾಂಶವನ್ನು ಕೊಬ್ಬರಿ ಎಣ್ಣೆಗೆ ಹಚ್ಚಬೇಡಿ ಎಂದರೂ ಮಾರುವವರು ಕೇಳಲಿಲ್ಲ.

2018ರಲ್ಲಿ ಹಾರ್ವರ್ಡ್‌ನ ಪ್ರಾಧ್ಯಾಪಕಿ ಕರಿನ್ ಮಿಶೆಲ್ಸ್ ಜರ್ಮನಿಯ ಒಂದು ಭಾಷಣದಲ್ಲಿ ಇದನ್ನು ಶುದ್ಧ ವಿಷ ಎಂದುಬಿಟ್ಟರು. ಆ ವಿಡಿಯೋ ಲೋಕವೆಲ್ಲ ಸುತ್ತಿತು. ನಮ್ಮ ದೇಶದ ತೋಟಗಾರಿಕೆ ಆಯುಕ್ತರು ಮಾತು ವಾಪಸ್ ತೆಗೆದುಕೊಳ್ಳಿ ಎಂದು ಹಾರ್ವರ್ಡ್‌ಗೆ ಪತ್ರ ಬರೆದರು. ಬೆಳೆಗಾರರ ಮಕ್ಕಳಾಗಿ ನಮಗೂ ಆಗ ಸಿಟ್ಟು ಬಂದಿತ್ತು, ಒಪ್ಪಿಕೊಳ್ಳುತ್ತೇವೆ. ವಿಷ ಅನ್ನುವ ಮಾತು ತಪ್ಪೇ. ಹಾಗಂತ ಪತ್ರ ಬರೆದರೆ ಕೊಲೆಸ್ಟ್ರಾಲ್ ಇಳಿಯುವುದಿಲ್ಲ.

2020ರಲ್ಲಿ 16 ಪ್ರಯೋಗಗಳನ್ನು ಒಟ್ಟಿಗೆ ಹಾಕಿ ಲೆಕ್ಕ ಮಾಡಿದ ವರದಿ ಬಂತು. ಸೂರ್ಯಕಾಂತಿ, ಸೋಯಾದಂಥ ಎಣ್ಣೆಗಳಿಗೆ ಹೋಲಿಸಿದರೆ ಕೊಬ್ಬರಿ ಎಣ್ಣೆ ಬಳಸಿದವರಲ್ಲಿ ಕೆಟ್ಟ ಕೊಲೆಸ್ಟ್ರಾಲ್, ಅಂದರೆ ಎಲ್‌ಡಿಎಲ್, ಸುಮಾರು 10 ಪಾಯಿಂಟ್ ಹೆಚ್ಚು. ಒಳ್ಳೆಯದು, ಅಂದರೆ ಎಚ್‌ಡಿಎಲ್, ಸುಮಾರು 4 ಪಾಯಿಂಟ್ ಹೆಚ್ಚು. ಒಳ್ಳೆಯದೂ ಏರುತ್ತದಲ್ಲ ಅಂತ ಸಮಾಧಾನ ಪಡುವವರಿದ್ದಾರೆ. ಆದರೆ ಆ 4ರಿಂದ ಈ 10 ಹೊಡೆದುಹೋಗುತ್ತದೆ ಅನ್ನುವುದಕ್ಕೆ ಆಧಾರವಿಲ್ಲ ಎಂಬುದು ಹೃದಯ ವೈದ್ಯರ ಮಾತು. ಇನ್ನೊಂದು ಕಡೆ ಕೊಚ್ಚಿಯಲ್ಲಿ ಹೃದ್ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಅಡುಗೆಗೆ ಕೊಬ್ಬರಿ ಎಣ್ಣೆ, ಇನ್ನೊಂದಕ್ಕೆ ಸೂರ್ಯಕಾಂತಿ ಎಣ್ಣೆ ಕೊಟ್ಟು ಎರಡು ವರ್ಷ ನೋಡಿದರು. 2016ರಲ್ಲಿ ಪ್ರಕಟವಾದ ಆ ವರದಿಯಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಇದನ್ನೂ ಫಾರ್ವರ್ಡ್ ಮಾಡುತ್ತಾರೆ. ಮಾಡುವಾಗ ಒಂದು ಸಾಲು ಬಿಡುತ್ತಾರೆ: ಆ ರೋಗಿಗಳೆಲ್ಲ ಹೃದಯದ ಚಿಕಿತ್ಸೆಯಲ್ಲಿದ್ದವರು, ಮಾತ್ರೆ ನುಂಗುತ್ತಿದ್ದವರು. ನಮ್ಮ ಅಪ್ಪನ ಹಾಗೆ ಮಾತ್ರೆ ಬಿಟ್ಟು ಎಣ್ಣೆ ಕುಡಿದವರಲ್ಲ.

ಹೊರಗೆ ಹಚ್ಚುವ ವಿಷಯಕ್ಕೆ ಬಂದರೆ ಜಗಳ ಕಡಿಮೆ. 2003ರ ಒಂದು ಪ್ರಯೋಗದಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ಎಣ್ಣೆ ಮೂರನ್ನೂ ಕೂದಲಿಗೆ ಹಚ್ಚಿ ನೋಡಿದರು. ತೊಳೆಯುವಾಗ, ಬಾಚುವಾಗ ಕೂದಲಿನ ಪ್ರೋಟೀನ್ ಹೋಗುವುದನ್ನು ತಡೆದಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದರ ಕಣ ಚಿಕ್ಕದು, ಕೂದಲಿನ ಒಳಗೆ ಇಳಿಯುತ್ತದೆ. ಆ ಸಂಶೋಧಕರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯವರೇ ಅನ್ನುವುದನ್ನೂ ಹೇಳಿಬಿಡುತ್ತೇವೆ, ಆಮೇಲೆ ನೀವು ನಮ್ಮನ್ನು ಕೇಳಬಾರದು. ಒಣಚರ್ಮದ ಮಕ್ಕಳಿಗೂ ಇದರಿಂದ ಅನುಕೂಲ ಕಂಡಿದೆ. ಬೋಳಾದ ತಲೆಯಲ್ಲಿ ಕೂದಲು ಹುಟ್ಟಿಸುತ್ತದೆ ಅನ್ನುವುದು ಬೇರೆ ಮಾತು, ಅದನ್ನು ನಂಬಬೇಡಿ.

ತಲೆಗೋ ಬಾಯಿಗೋ ಅನ್ನುವ ಪ್ರಶ್ನೆ ಸುಪ್ರೀಂ ಕೋರ್ಟಿಗೂ ಹೋಗಿತ್ತು. ಚಿಕ್ಕ ಬಾಟಲಿಯ ಎಣ್ಣೆ ಕೂದಲೆಣ್ಣೆ, ಅದಕ್ಕೆ ಹೆಚ್ಚಿನ ತೆರಿಗೆ ಕಟ್ಟಿ ಅಂತ ತೆರಿಗೆ ಇಲಾಖೆ. ಇಲ್ಲ, ಅದು ತಿನ್ನುವ ಎಣ್ಣೆ ಅಂತ ಕಂಪನಿಗಳು. 2018ರಲ್ಲಿ ಇಬ್ಬರು ನ್ಯಾಯಮೂರ್ತಿಗಳು ಎರಡು ತೀರ್ಪು ಕೊಟ್ಟರು. ಕೊನೆಗೆ 2024ರ ಡಿಸೆಂಬರ್‌ನಲ್ಲಿ ಮೂವರ ಪೀಠ, ತಿನ್ನುವ ಎಣ್ಣೆಯ ಗುಣಮಟ್ಟ ಇದ್ದು, ಕೂದಲೆಣ್ಣೆ ಎಂದು ಬರೆದಿರದಿದ್ದರೆ ಬಾಟಲಿ ಚಿಕ್ಕದಾದರೂ ಅದು ತಿನ್ನುವ ಎಣ್ಣೆಯೇ ಎಂದಿತು.

ಈಗ ಲೆಕ್ಕಕ್ಕೆ ಬರೋಣ. ಒಂದು ದೊಡ್ಡ ಚಮಚ ಕೊಬ್ಬರಿ ಎಣ್ಣೆಯಲ್ಲಿ ಸುಮಾರು 12 ಗ್ರಾಂ ಸ್ಯಾಚುರೇಟೆಡ್ ಕೊಬ್ಬು. ದಿನಕ್ಕೆ 2,000 ಕ್ಯಾಲೊರಿ ತಿನ್ನುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಸುಮಾರು 22 ಗ್ರಾಂ, ಅದೂ ಹಾಲು, ತುಪ್ಪ, ಮಾಂಸ, ಬೇಕರಿ ತಿಂಡಿ ಎಲ್ಲ ಸೇರಿ. ಕೊಲೆಸ್ಟ್ರಾಲ್ ಇಳಿಸಬೇಕಾದವರಿಗೆ ಅಮೆರಿಕದ ಹೃದಯ ಸಂಘ ಹೇಳುವುದು ಸುಮಾರು 13 ಗ್ರಾಂ. ಖಾಲಿ ಹೊಟ್ಟೆಗೆ ಎರಡು ಚಮಚ ಕುಡಿದರೆ ಬೆಳಗಿನ ಕಾಫಿಗೆ ಮೊದಲೇ ಆ ದಿನದ ಪಾಲು ಮುಗಿಯಿತು. ಒಂದು ಮನೆಯ ಪಲ್ಯಕ್ಕೆ ಒಂದು ಚಮಚ ಎಣ್ಣೆಯ ಒಗ್ಗರಣೆ ಹಾಕಿ ನಾಲ್ಕು ಜನ ತಿಂದರೆ ಲೆಕ್ಕ ಬೇರೆಯೇ. ಘಟ್ಟದ ಕೆಳಗಿನ ಅಜ್ಜಿಯರು ಮಾಡುತ್ತಿದ್ದುದು ಈ ಎರಡನೆಯದು. ತುರಿದ ಕಾಯಿಯಲ್ಲಿ ನಾರೂ ಇದೆ, ನೀರೂ ಇದೆ, ನೂರು ಗ್ರಾಂ ಹಸಿ ಕಾಯಿಗೆ ಕೊಬ್ಬು 33 ಗ್ರಾಂ. ಎಣ್ಣೆ ಅಂದರೆ ಪೂರ್ತಿ ಕೊಬ್ಬು.

ಇನ್ನೊಂದು ವಿಚಾರ ಚೀಟಿಯಲ್ಲೂ ಇಲ್ಲ, ವಾಟ್ಸ್‌ಆ್ಯಪ್‌ನಲ್ಲೂ ಇಲ್ಲ. ನೀವು ಕೊಳ್ಳುವುದು ಕೊಬ್ಬರಿ ಎಣ್ಣೆಯೇ ಹೌದೇ? 2023ರಲ್ಲಿ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇದ್ದಾಗ ತಿಪಟೂರಿನಲ್ಲಿ ಉಂಡೆ ಕೊಬ್ಬರಿ 8 ಸಾವಿರದ ಆಸುಪಾಸಿಗೆ ಬಿದ್ದಿತ್ತು, ರೈತರು ಬೀದಿಗಿಳಿದಿದ್ದರು. 2025ರಲ್ಲಿ ಅದೇ ಕೊಬ್ಬರಿ 25 ಸಾವಿರ ದಾಟಿತು. ನೂರು ಕಿಲೋ ಕೊಬ್ಬರಿ ಅರೆದರೆ ಅರವತ್ತು ಚಿಲ್ಲರೆ ಕಿಲೋ ಎಣ್ಣೆ. ಎಣ್ಣೆಗೆ ಹಾಕುವ ಅಗ್ಗದ ಕೊಬ್ಬರಿಯನ್ನು ಕಿಲೋಗೆ 200 ರೂಪಾಯಿ ಅಂತ ಹಿಡಿದರೂ, ಒಂದು ಕಿಲೋ ಎಣ್ಣೆಗೆ ಬರೀ ಕೊಬ್ಬರಿಯೇ 300 ರೂಪಾಯಿ ಮೀರುತ್ತದೆ. ಹಿಂಡಿ ಮಾರಿ ಒಂದಿಷ್ಟು ಬಂದೀತು. ಅಂಥ ಹೊತ್ತಿನಲ್ಲಿ ಸಂತೆಯಲ್ಲಿ 200 ರೂಪಾಯಿಗೆ 'ಶುದ್ಧ ಗಾಣದ ಎಣ್ಣೆ' ಅಂದರೆ ಅದರೊಳಗೆ ಏನಿದೆ ಅಂತ ಕೇಳಲೇಬೇಕು. ಕೇರಳದಲ್ಲಿ 2018ರ ಒಂದೇ ವರ್ಷ ಹತ್ತಾರು ಬ್ರಾಂಡ್‌ಗಳನ್ನು ಕಲಬೆರಕೆಗಾಗಿ ನಿಷೇಧಿಸಿದರು. ಫ್ರಿಜ್‌ನಲ್ಲಿಟ್ಟು ಗಟ್ಟಿಯಾದರೆ ಶುದ್ಧ ಅನ್ನುವ ಪರೀಕ್ಷೆ ಪೂರ್ತಿ ನಂಬುವ ಹಾಗಿಲ್ಲ. ಪಾಮ್ ಹಣ್ಣಿನ ಬೀಜದ ಎಣ್ಣೆ ಬೆರೆಸಿದ್ದರೆ ಅದೂ ಗಟ್ಟಿಯಾಗುತ್ತದೆ. ನಿಮ್ಮ ಕೊಬ್ಬರಿಯನ್ನೇ ಕೊಂಡೊಯ್ದು ಎದುರು ನಿಂತು ಗಾಣಕ್ಕೆ ಹಾಕಿಸುವುದು ಒಳ್ಳೆಯದು. ಬೂಷ್ಟು ಹಿಡಿದ ಚೂರನ್ನು ಮಾತ್ರ ಹಾಕಬೇಡಿ. ಆ ಬೂಷ್ಟಿನ ವಿಷ ಈಲಿಗೆ, ಅಂದರೆ ಲಿವರ್‌ಗೆ, ಕೆಟ್ಟದ್ದು. ಸೋಸಿದರೆ ಅದು ಹೋಗುವುದಿಲ್ಲ.

ಅಪ್ಪನನ್ನು ಮತ್ತೆ ತೋರಿಸಲು ಹೋದಾಗ ಡಾಕ್ಟರಿಗೆ ಎಲ್ಲ ಹೇಳಿದೆವು. ಅವರು ಬಯ್ಯಲಿಲ್ಲ. ಚೀಟಿ ತಿರುಗಿಸಿ ತೆಂಗಿನಕಾಯಿ ಅನ್ನುವ ಪದಕ್ಕೆ ಪೆನ್ನಿನಲ್ಲಿ ಸುತ್ತು ಹಾಕಿದರು. "ಪಲ್ಯದ ಮೇಲೆ ಒಂದು ಚಿಟಿಕೆ ಕಾಯಿತುರಿ ಉದುರಿಸಿಕೊಳ್ಳಿ ಯಜಮಾನ್ರೇ, ನಾನು ಬೇಡ ಅನ್ನಲ್ಲ. ಎಣ್ಣೆ ಕುಡಿಯೋದು ಬಿಡಿ. ಮಾತ್ರೆ ಒಂದು ದಿನಾನೂ ತಪ್ಪಿಸಬೇಡಿ" ಅಂದರು. ಅಪ್ಪ ತಲೆಯಾಡಿಸಿ, "ತಲೆಗೆ ಹಚ್ಚಬೋದಾ?" ಅಂತ ಕೇಳಿದರು. ಡಾಕ್ಟರ್ ನಕ್ಕರು.

ಈಗ ಮಾತ್ರೆಯ ಶೀಟು ಅಮ್ಮನ ಕೈಲಿದೆ. ಅಟ್ಟದ ಮೇಲಿನ ಕಾಯಿ ಇನ್ನೂ ಲೊಟಲೊಟ ಅನ್ನುತ್ತಿಲ್ಲ. ಸುಲಿಸುವುದು ಯುಗಾದಿ ಕಳೆದ ಮೇಲೆ.